ಕೆರೆ, ಹರಗೋಲು ಮತ್ತು ನಾಯಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ಊರುಗಳ ಹೆಸರು ಕೇಳಿದೊಡನೆ ದೋಣಿಯ ನೆನಪು ಯಾರಿಗೂ ಬರಲಾರದು. ದ್ರಾಕ್ಷಿಯ ಚಪ್ಪರ, ರೇಷ್ಮೆಯ ಗೂಡು, ಬೋಳುಬಂಡೆಯ ಬೆಟ್ಟ, ಸಾವಿರ ಅಡಿಗೂ ಮೀರಿ ಇಳಿದ ಕೊಳವೆಬಾವಿ, ಇವು ನೆನಪಾಗುತ್ತವೆ. ನಂದಿಬೆಟ್ಟದ ಸುತ್ತಿನ ನಾಡು ನದಿಗಳ ತವರೆಂದು ಹೆಸರಾದದ್ದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಲಾರ್, ಅರ್ಕಾವತಿಗಳೆಲ್ಲ ಈ ಸೀಮೆಯಲ್ಲೇ ಹುಟ್ಟುತ್ತವೆ. ಆದರೆ ಹೆಣ್ಣುಮಕ್ಕಳನ್ನು ಹೆತ್ತು ಪರಊರಿಗೆ ಕೊಟ್ಟ ಮನೆಯಂತೆ, ಹುಟ್ಟಿದ ನದಿಗಳಾವುವೂ ಇಲ್ಲಿ ನಿಲ್ಲುವುದಿಲ್ಲ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಒಂದೂ ಇಲ್ಲ.

ಇಂಥ ನಾಡಿನ ಕೆರೆಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಅತಿಥಿಗಳು ಬರತೊಡಗಿದ್ದಾರೆ. ಕಾರಿನ ನೆತ್ತಿಗೆ ಕಯಾಕ್ ಎಂಬ ಕಿರುದೋಣಿಯನ್ನು ಕಟ್ಟಿಕೊಂಡು, ಸಾಕಿದ ನಾಯಿಯನ್ನೂ ಜೊತೆಗೆ ಕೂರಿಸಿಕೊಂಡು, ನೀರು ತುಂಬಿದ ಕೆರೆಯನ್ನು ಹುಡುಕಿ ಬರುವವರು ಇವರು. ಬೆಳಗಿನ ತಂಪಿನಲ್ಲಿ ಹುಟ್ಟು ಹಾಕುತ್ತ ಹಕ್ಕಿಗಳನ್ನು ನೋಡಿ ಹಿಂದಿರುಗುತ್ತಾರೆ. ಹಳ್ಳಿಯ ಹಿರಿಯರಿಗೆ ಇದು ಪಟ್ಟಣದವರ ಹುಚ್ಚಾಗಿ ಕಾಣಬಹುದು. ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ, ಕೆರೆ, ಚರ್ಮದ ದೋಣಿ, ನಾಯಿ ಈ ಮೂರೂ ಕನ್ನಡನಾಡಿಗೆ ಹೊಸವಲ್ಲ. ಹೊಸದೇನಾದರೂ ಇದ್ದರೆ ಅದು ಕೆರೆಗೂ ಅದನ್ನು ಬಳಸುವವರಿಗೂ ನಡುವಿನ ಸಂಬಂಧ.

ಮೊದಲು ಕೆರೆಯ ಮಾತು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಈ ಸೀಮೆಯಲ್ಲಿ ಮಳೆನೀರನ್ನು ತಡೆದು ನಿಲ್ಲಿಸುವುದೊಂದೇ ಬದುಕುವ ದಾರಿಯಾಗಿತ್ತು. ಎರಡು ದಿಣ್ಣೆಗಳ ನಡುವಣ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯಲ್ಲಿ ನೀರು ಬಿಡುವ ತೂಬು, ಹೆಚ್ಚಿನ ನೀರು ಹರಿದುಹೋಗಲು ಕೋಡಿ, ಕೆಳಗೆ ಅಚ್ಚುಕಟ್ಟು—ಇಷ್ಟರಲ್ಲಿ ಒಂದು ಊರಿನ ಸಂಸಾರ ಅಡಗಿತ್ತು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಸರಣಿಯಾಗಿ ಕಟ್ಟಿದ ಕೆರೆಗಳು ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಅವುಗಳಲ್ಲಿ ದೊಡ್ಡದೊಂದು ಪಾಲು ಅದಕ್ಕೆ ಬಂದಿತು.

ಈ ಕೆರೆಗಳ ಹಿಂದೆ ಎಂಥ ಜಾಣ್ಮೆಯಿತ್ತೆಂಬುದಕ್ಕೆ ಗೌರಿಬಿದನೂರಿನ ಬಳಿಯ ಕಲ್ಲೂಡಿಯ ಶಾಸನವೇ ಸಾಕ್ಷಿ. ಇದರ ಕಾಲ 1388. ಆಗ ವಿಜಯನಗರದ ಎರಡನೆಯ ಹರಿಹರನ ಮಗ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದನು. ನೀರೇ ಪ್ರಾಣಿಗಳ ಜೀವವಾದ್ದರಿಂದ ಪ್ರಜೆಗಳು ಸುಖವಾಗಿರಲೆಂದು, ಹೆನ್ನೆಯ ಹೊಳೆಯನ್ನು, ಎಂದರೆ ಉತ್ತರ ಪಿನಾಕಿನಿಯನ್ನು, ಪೆನುಗೊಂಡೆಗೆ ತರುವಂತೆ ಅವನು ಸಿಂಗಾಯಭಟ್ಟನೆಂಬ ಜಲಸೂತ್ರದ ಪಂಡಿತನಿಗೆ ಅಪ್ಪಣೆ ಮಾಡಿದನು. ಸಿಂಗಾಯಭಟ್ಟನು ಕಾಲುವೆ ತೆಗೆಸಿ ಸಿರುವೆರೆಯ ಕೆರೆಗೆ ನೀರು ಹಾಯಿಸಿ, ಆ ಕಾಲುವೆಗೆ ದೊರೆಯ ಹೆಸರನ್ನೇ ಇಟ್ಟನು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಇದನ್ನು ಓದಬಹುದು. ಸುಮಾರು ಐದು ಶತಮಾನ ಕಳೆದ ಬಳಿಕ ಇದೇ ಸೀಮೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದರು. ನೀರಿಲ್ಲದ ನಾಡು ನೀರಿನ ಲೆಕ್ಕ ಬಲ್ಲವರನ್ನು ಹೆತ್ತದ್ದು ಆಶ್ಚರ್ಯವೇನಲ್ಲ. ಕೊರತೆಯಿದ್ದ ಮನೆಯಲ್ಲಿಯೇ ಲೆಕ್ಕ ಕಟ್ಟುನಿಟ್ಟು.

ಇಷ್ಟೊಂದು ಕೆರೆಗಳಿದ್ದರೂ ಇಲ್ಲಿ ದೋಣಿಯ ಬಳಕೆ ಏಕೆ ಬೆಳೆಯಲಿಲ್ಲ? ದೋಣಿ ಬೇಕಾಗುವುದು ದಾಟಲು. ಹೊಳೆಗೆ ಎರಡು ದಡ. ಕೆರೆಗೆ ಏರಿಯೇ ದಾರಿ. ಎತ್ತಿನ ಗಾಡಿ ಏರಿಯ ಮೇಲೆ ಸುತ್ತಿಬಂದರೆ ಆಚೆಯ ಊರು ಸಿಕ್ಕಿತು. ಮೇಲಾಗಿ ಇಲ್ಲಿಯ ಅನೇಕ ಕೆರೆಗಳು ಬೇಸಿಗೆಯ ಹೊತ್ತಿಗೆ ಬತ್ತಿ ದನ ಮೇಯುವ ಬಯಲಾಗುತ್ತಿದ್ದವು. ಹಾಗಾಗಿ ಬಯಲುಸೀಮೆಯ ಹುಡುಗರಿಗೆ ಜಲವಿಹಾರವೆಂದರೆ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವುದು. ಇಲ್ಲವೆ ಬಾಳೆದಿಂಡು ಜೋಡಿಸಿದ ತೆಪ್ಪದ ಮೇಲೆ ಕುಳಿತು ಕೈಯಲ್ಲೇ ನೀರು ತಳ್ಳುವುದು. ದೇವರಿಗಾದರೋ ತೆಪ್ಪೋತ್ಸವ ಉಂಟು. ಕಪಿಲೆಯ ದಡದ ನಂಜನಗೂಡಿನ ತೆಪ್ಪೋತ್ಸವವನ್ನು ಕೇಳದವರು ಯಾರು?

ನಿಜವಾದ ಕಿರುದೋಣಿ ನಮ್ಮಲ್ಲಿ ಬೆಳೆದದ್ದು ದೊಡ್ಡ ಹೊಳೆಗಳ ಮೇಲೆ. ಅದೇ ಹರಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಚರ್ಮ ಹೊದಿಸಿ ಮಾಡಿದ ದುಂಡನೆಯ ದೋಣಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುವ ಹರಗೋಲುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಿದ್ದರಂತೆ. ಹುಟ್ಟು ಹಾಕಿದಂತೆಲ್ಲ ದೋಣಿ ಗಿರಗಿರನೆ ತಿರುಗುತ್ತ ಸಾಗುತ್ತಿತ್ತಂತೆ. ಇಂದಿಗೂ ನಮ್ಮ ಕೆರೆಗಳಲ್ಲಿ ಮೀನು ಹಿಡಿಯುವವರ ಕೈಯಲ್ಲಿ ಹರಗೋಲು ಉಳಿದಿದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೋ ಫೈಬರೋ ಬಂದಿದೆ, ಅಷ್ಟೆ.

ಈಗ ಕಯಾಕಿನ ಕಡೆ ನೋಡೋಣ. ಅದು ಹುಟ್ಟಿದ್ದು ಭೂಮಿಯ ಉತ್ತರದ ತುದಿಯ ಹಿಮದ ನಾಡಿನಲ್ಲಿ. ಇನ್ಯೂಟ್ ಮೊದಲಾದ ಅಲ್ಲಿಯ ಜನ ಮರ ಹಾಗೂ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಉದ್ದನೆಯ, ಒಬ್ಬನೇ ಕೂರುವ ಬೇಟೆಯ ದೋಣಿ ಮಾಡಿದರು. ಹೆಂಗಸರು, ಮಕ್ಕಳು, ಸಾಮಾನು, ನಾಯಿಗಳನ್ನು ಸಾಗಿಸಲು ಉಮಿಯಾಕ್ ಎಂಬ ಬೇರೊಂದು ದೊಡ್ಡ ಚರ್ಮದೋಣಿ ಇತ್ತು. ನಾಯಿ ದೋಣಿಯೇರಿದ್ದು ನಿನ್ನೆ ಮೊನ್ನೆಯಲ್ಲವೆಂದು ಇದರಿಂದ ತಿಳಿಯುತ್ತದೆ. ಎಲ್ಲಿಯ ಹಿಮದ ಕಡಲು, ಎಲ್ಲಿಯ ತುಂಗಭದ್ರೆ! ಆದರೂ ಸಿಕ್ಕ ಕಡ್ಡಿಯನ್ನು ಬಗ್ಗಿಸಿ ಮೇಲೆ ಚರ್ಮ ಹೊದಿಸುವ ಉಪಾಯ ಎರಡು ಕಡೆಯೂ ಒಂದೇ. ಒಂದು ಬೇಟೆಗಾಗಿ ನೀಳವಾಯಿತು. ಇನ್ನೊಂದು ಹೊರೆಗಾಗಿ ದುಂಡಗಾಯಿತು.

ಹೊಟ್ಟೆಪಾಡಿನ ಈ ದೋಣಿ ವಿನೋದದ ದೋಣಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸ್ಕಾಟ್‌ಲೆಂಡ್ ಮೂಲದ ಜಾನ್ ಮ್ಯಾಕ್‌ಗ್ರೆಗರ್ ಎಂಬಾತ 1865ರಲ್ಲಿ ಕಯಾಕಿನ ಮಾದರಿಯ ಮರದ ದೋಣಿಯೊಂದರಲ್ಲಿ ಯೂರೋಪಿನ ಹೊಳೆ ಸರೋವರಗಳನ್ನು ಒಬ್ಬನೇ ಸುತ್ತಿದನು. ಮರುವರ್ಷ ಅವನು ಬರೆದ ಪುಸ್ತಕ ಮನೆಮಾತಾಗಿ, ಅಂಥ ಪಯಣ ಒಂದು ಹವ್ಯಾಸವಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕಯಾಕ್ ಪಂದ್ಯಕ್ಕೆ ಪದಕದ ಮನ್ನಣೆ ದೊರೆಯಿತು. ಮುಂದೆ ಪ್ಲಾಸ್ಟಿಕ್ ಹಾಗೂ ಗಾಳಿ ತುಂಬುವ ದೋಣಿಗಳು ಬಂದ ಮೇಲೆ ಯಾರು ಬೇಕಾದರೂ ಹೆಗಲ ಮೇಲೆ ಹೊತ್ತು ಹೋಗಬಹುದಾಯಿತು.

ಹಾಗೆಂದು ನೀರಾಟದ ವಿನೋದವನ್ನು ನಾವು ಪಶ್ಚಿಮದಿಂದ ಕಲಿತೆವೆನ್ನುವುದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನೂ ಕ್ರೀಡೆಗಳನ್ನೂ ಅಧ್ಯಾಯ ಅಧ್ಯಾಯವಾಗಿ ವಿವರಿಸಿದ್ದಾನೆ. ಮೀನು ಹಿಡಿಯುವ ವಿನೋದ ಅದರಲ್ಲುಂಟು, ಜಲಕ್ರೀಡೆಯುಂಟು, ನಾಯಿಗಳ ವಿನೋದಕ್ಕೇ ಮೀಸಲಾದ ಭಾಗವೂ ಉಂಟು.

ನಾಯಿಯ ಮಾತು ಬಂದಮೇಲೆ ಆತಕೂರಿನ ಕಲ್ಲನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಲ್ಲಿಸಿದ್ದ ಈ ವೀರಗಲ್ಲು ಕ್ರಿ. ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಚೋಳರೊಡನೆ ಹೋರಾಡಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳು ಎಂದನಂತೆ ದೊರೆ. ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿರೆಂದು ಮಣಲೇರ ಬೇಡಿಕೊಂಡನು. ಮುಂದೊಂದು ದಿನ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಭೂಮಿ ಎಲ್ಲಿಯದು? ಊರಿನ ಹಿರಿಯ ಕೆರೆಯ ಕೆಳಗಿನದು! ಕೆರೆಯ ನೀರು ಮನುಷ್ಯನ ಅನ್ನಕ್ಕೆ ಮಾತ್ರವಲ್ಲ, ಒಂದು ನಾಯಿಯ ನೆನಪಿಗೂ ಹರಿದಿತ್ತು. ಈ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಡಲಾಗಿದೆ.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಒಂದುಂಟು. ಹಿಂದಿನವರು ಕೆರೆಯಿಂದ ಏನನ್ನು ಪಡೆದರೂ ಅದಕ್ಕೊಂದು ಕಟ್ಟಳೆ ಇತ್ತು. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿಸಿದವನಿಗೆ ಕಟ್ಟುಕೊಡಗೆಯ ಭೂಮಿ. ತೂಬು ಕಾಯುವ ನೀರುಗಂಟಿಗೆ ಸುಗ್ಗಿಯಲ್ಲಿ ಪಾಲು. ಬೇಸಿಗೆಯಲ್ಲಿ ಹೂಳನ್ನು ಗದ್ದೆಗೆ ಹೊಡೆದವನಿಗೆ ಗೊಬ್ಬರ, ಕೆರೆಗೆ ಆಳ. ಪಡೆಯುವವನು ಕೊಡುವವನೂ ಆಗಿದ್ದನು. ಕೊಳವೆಬಾವಿ ಬಂದ ಮೇಲೆ ಈ ನಂಟು ಸಡಿಲಿತು. ಕೆರೆಯ ಹಂಗಿಲ್ಲದೆ ನೀರು ಸಿಕ್ಕಿದ ಮೇಲೆ ಕಾಲುವೆಗಳು ಮುಚ್ಚಿದವು, ಅಂಗಳದಲ್ಲಿ ಜಾಲಿ ಬೆಳೆಯಿತು. ಕಡೆಗೆ ಆಳದ ನೀರೂ ತೀರಿ, ಬಂದಷ್ಟು ನೀರಿನಲ್ಲಿ ಫ್ಲೋರೈಡ್ ಕಾಣಿಸಿತು.

ಈಗ ಕೆರೆಗಳಲ್ಲಿ ಮತ್ತೆ ನೀರು ಕಾಣುತ್ತಿರುವುದಕ್ಕೆ ಎರಡು ಕಾರಣ. ಒಂದು, 2021ರ ನವೆಂಬರಿನಂಥ ಅಪರೂಪದ ಮಳೆ. ಆ ತಿಂಗಳು ಜಿಲ್ಲೆಯ ಹಲವು ಕೆರೆಗಳು ಕೋಡಿ ಹರಿದವು. ಇನ್ನೊಂದು, ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 65 ಕೆರೆಗಳಿಗೆ ತುಂಬಿಸುವುದು ಇದರ ಗುರಿ. ಹೀಗೆ ನೀರು ಕಂಡ ಕೆರೆಗಳಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಒಂದು. ಈ ನೀರು ಅಂತರ್ಜಲವನ್ನು ಹೆಚ್ಚಿಸಲು ಬಿಟ್ಟದ್ದು. ಕುಡಿಯಲು, ಈಜಲು ಅಲ್ಲ. ಮೂರನೆಯ ಹಂತದ ಸಂಸ್ಕರಣವೂ ಆಗಬೇಕೆಂದು ಜಿಲ್ಲೆಯ ಜನ ಕೇಳುತ್ತ ಬಂದಿರುವುದು ನ್ಯಾಯವಾದದ್ದೇ.

ನೀರು ಬಂದೊಡನೆ ಯಾರೂ ಕರೆಯದೆಯೇ ಹಕ್ಕಿಗಳು ಬಂದವು. ಗುಳುಮುಳುಕ ನೀರಿನ ಮೇಲೆ ತೇಲುವ ಕಸಕಡ್ಡಿಯ ಗೂಡು ಕಟ್ಟುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಣೆಯ ಮೇಲೆ ಬಿಳಿಯ ನಾಮವಿರುವ ನಾಮದ ಕೋಳಿಗೆ ಥಟ್ಟನೆ ಹಾರಲು ಬಾರದು. ನೀರಿನ ಮೇಲೆ ಪಟಪಟನೆ ಓಡಿಯೇ ಮೇಲೇಳಬೇಕು. ದೋಣಿ ಹತ್ತಿರ ಬಂದಾಗಲೆಲ್ಲ ಹಾಗೆ ಓಡಿದರೆ ಅದು ತಿಂದ ಆಹಾರ ಓಟಕ್ಕೇ ವ್ಯಯ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಬಾತುಗಳು ಇಲ್ಲಿ ಮೈ ತುಂಬಿಕೊಂಡರೆ ಮಾತ್ರ ಮಾರ್ಚಿ ತಿಂಗಳಲ್ಲಿ ಹಿಂದಿರುಗಿ ಹಾರಬಲ್ಲವು. ಟಿಟ್ಟಿಭವಾದರೋ ಕೆರೆಯಂಚಿನ ಬರಿಯ ನೆಲದಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಮನುಷ್ಯನ ಕಣ್ಣಿಗೆ ಬೀಳದ ಆ ಮೊಟ್ಟೆ ನಾಯಿಯ ಮೂಗಿಗೆ ಬೀಳುತ್ತದೆ.

ಆದ್ದರಿಂದ ದೋಣಿ ತರುವವರು ಕೆಲವು ಸಂಗತಿ ತಿಳಿದಿರುವುದು ಲೇಸು. ಕೆರೆ ಯಾರದೂ ಅಲ್ಲದ ಸ್ವತ್ತಲ್ಲ. 40 ಹೆಕ್ಟೇರಿನವರೆಗೆ ಅಚ್ಚುಕಟ್ಟಿರುವ ಕೆರೆ ಪಂಚಾಯಿತಿಯದು. ಅದಕ್ಕೆ ಮೀರಿದ್ದು ಸಣ್ಣ ನೀರಾವರಿ ಇಲಾಖೆಯದು. ಮೀನಿನ ಹಕ್ಕು ಗುತ್ತಿಗೆ ಹಿಡಿದವರದು. ಅವರ ಬಲೆಗೆ ಹುಟ್ಟು ಸಿಕ್ಕಿದರೆ ನಷ್ಟ ಅವರಿಗೆ. ಕೇಳಿಯೇ ನೀರಿಗಿಳಿಯಬೇಕು. ತೂಬಿನ ಹತ್ತಿರ ಮತ್ತು ಹರಿಯುವ ಕೋಡಿಯ ಹತ್ತಿರ ಸುಳಿಯಬಾರದು. ಮಣ್ಣು ತೆಗೆದ ಗುಂಡಿಗಳೂ ಮುಳುಗಿದ ಜಾಲಿಯ ಮುಳ್ಳೂ ಮೇಲಿನಿಂದ ಕಾಣುವುದಿಲ್ಲ. ಈಜು ಬಲ್ಲವರೂ ಲೈಫ್ ಜಾಕೆಟ್ ಬಿಡಬಾರದು. ನಾಯಿಗೂ ಅಂಥದೊಂದು ಬೇಕು. ದಡದಲ್ಲಿ ಅದರ ಹಗ್ಗ ಕೈಯಲ್ಲಿರಲಿ. ಹಸಿರು ಬಣ್ಣ ಚೆಲ್ಲಿದಂತೆ ಪಾಚಿಯ ಕೆನೆಗಟ್ಟಿದ ನೀರಿಗೆ ಅದನ್ನು ಬಿಡಲೇಬಾರದು. ಆ ಪಾಚಿಯಲ್ಲಿ ಕೆಲವು ಜಾತಿ ವಿಷಕಾರಿ, ಮೈ ನೆಕ್ಕಿದರೂ ನಾಯಿಗೆ ಪ್ರಾಣಾಪಾಯ. ಹಕ್ಕಿಯ ಹಿಂಡಿನಿಂದ ದೂರವಿರಬೇಕು. ಎಷ್ಟು ದೂರವೆಂದರೆ, ಹಕ್ಕಿ ಮೇಯುವುದನ್ನು ಬಿಟ್ಟು ತಲೆಯೆತ್ತಿ ನೋಡಿತೆಂದರೆ ನಾವು ಮಿತಿ ಮೀರಿದೆವೆಂದೇ ತಿಳಿಯಬೇಕು.

ದೋಣಿವಿಹಾರದಿಂದ ಕೆರೆಗೆ ಕೇಡೆಂದು ಹೇಳುವುದು ಈ ಮಾತಿನ ಉದ್ದೇಶವಲ್ಲ. ನೋಡುವ ಕಣ್ಣಿಲ್ಲದ ಕೆರೆಗೆ ಮಣ್ಣು ತುಂಬುವ ಕೈ ಬೇಗ ಬರುತ್ತದೆ. 2014ರಲ್ಲಿ ಕೆರೆ ಸಂರಕ್ಷಣೆಗೆಂದೇ ರಾಜ್ಯದಲ್ಲಿ ಕಾಯ್ದೆಯಾಯಿತು; ಆದರೆ ಒತ್ತುವರಿಯನ್ನೂ ಕಾಲುವೆಗೆ ಸುರಿದ ಕಸವನ್ನೂ ಕಾಯ್ದೆ ತಾನೇ ಬಂದು ನೋಡಲಾರದು, ಯಾರಾದರೂ ನೋಡಿ ಹೇಳಬೇಕು. ವಾರಕ್ಕೊಮ್ಮೆ ನೀರಿನ ನಡುವೆ ನಿಂತು ನಾಲ್ಕು ದಿಕ್ಕನ್ನೂ ನೋಡುವವನಿಗೆ ಕೆರೆಯ ಆರೋಗ್ಯ ಏರಿಯ ಮೇಲೆ ನಡೆದುಹೋಗುವವನಿಗಿಂತ ಚೆನ್ನಾಗಿ ತಿಳಿಯುತ್ತದೆ. ಯಾವ ಮೂಲೆಯಲ್ಲಿ ನೊರೆ ಬಂದಿದೆ, ಈ ವರ್ಷ ಯಾವ ಹಕ್ಕಿ ಬರಲಿಲ್ಲ, ಎಲ್ಲಿ ಮೀನು ಸತ್ತು ತೇಲಿದೆ ಎಂಬುದನ್ನು ಅವನು ಬರೆದಿಟ್ಟು ಪಂಚಾಯಿತಿಗೆ ತಿಳಿಸಿದರೆ, ಹಿಂದೆ ನೀರುಗಂಟಿ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಅವನು ಮಾಡಿದಂತಾಗುತ್ತದೆ. ಕೆರೆಯಿಂದ ಪಡೆದ ಸಂತೋಷಕ್ಕೆ ಅದೇ ಅವನ ಕಂದಾಯ.