ಖೆಡ್ಡಾ

'ಎದುರಾಳಿಯನ್ನು ಖೆಡ್ಡಾಕ್ಕೆ ಕೆಡವಿದರು' ಎಂಬ ಬಳಕೆಯಿಂದ ಖೆಡ್ಡಾ ಎಂದರೆ ಗುಂಡಿ ಎಂಬ ಭಾವನೆ ಬೇರೂರಿದೆ. ಪದದ ಹುಟ್ಟು ಬೇರೆಯದನ್ನೇ ಹೇಳುತ್ತದೆ. ಹಿಂದಿಯ 'ಖೇದ್‌ನಾ' ಎಂದರೆ ಅಟ್ಟು, ಬೆನ್ನಟ್ಟು. ಅದರ ಹಿಂದಿರುವುದು ಸಂಸ್ಕೃತದ 'ಆಖೇಟ', ಅಂದರೆ ಬೇಟೆ. 1874ರಲ್ಲಿ ಚಾಮರಾಜನಗರದ ಬಳಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ನಡೆಸಿದ್ದರಿಂದ ಹಿಡಿದು 1971ರಲ್ಲಿ ಕಾಕನಕೋಟೆಯಲ್ಲಿ ನಡೆದ ಕೊನೆಯದರವರೆಗೂ ಖೆಡ್ಡಾದ ತಿರುಳು ಒಂದೇ: ತಮಟೆ, ಬೆಂಕಿ, ಕೂಗುಗಳಿಂದ ಆನೆಗಳ ಇಡೀ ಹಿಂಡನ್ನು ಅಟ್ಟಿ ದಿಮ್ಮಿಗಳ ದೊಡ್ಡಿಗೆ ಸೇರಿಸುವುದು.

ಗುಂಡಿ ತೋಡಿ ಆನೆ ಹಿಡಿಯುವ ಪದ್ಧತಿಯೂ ದಕ್ಷಿಣದಲ್ಲಿತ್ತಲ್ಲ, ಜನ ಬಳಸಿದ್ದೇ ಅರ್ಥವಲ್ಲವೇ ಎನ್ನಬಹುದು. ರಾಜಕೀಯದ ರೂಪಕಕ್ಕೆ ಆ ಮಾತು ಸರಿ. ಆನೆಯ ವಿಷಯಕ್ಕೆ ಬಂದಾಗ ಮಾತ್ರ ಈ ಗೊಂದಲ ಒಂದು ಸತ್ಯವನ್ನು ಮರೆಸುತ್ತದೆ: ಅಟ್ಟುವುದು ಇಂದಿಗೂ ನಿಂತಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡ ಆನೇಕಲ್ ತಾಲ್ಲೂಕಿನಲ್ಲಿ ರಾಗಿ ಕೊಯ್ಲಿನ ಚಳಿಗಾಲಕ್ಕೆ ಬನ್ನೇರುಘಟ್ಟದ ಕಾಡಿನಿಂದ ಹಿಂಡುಗಳು ಹೊಲಕ್ಕಿಳಿಯುತ್ತವೆ. ಅರಣ್ಯ ಇಲಾಖೆಯ ಸಿಬ್ಬಂದಿ ಪಟಾಕಿ ಸಿಡಿಸಿ ಅವನ್ನು ಹಿಂದಕ್ಕೆ ಅಟ್ಟುತ್ತಾರೆ. ದೊಡ್ಡಿ ಇಲ್ಲ, ಹಗ್ಗ ಇಲ್ಲ, ಆದರೂ ಧಾತುವಿನ ಅರ್ಥದಲ್ಲಿ ಇದು ಖೆಡ್ಡಾವೇ. ಆನೆಗೆ ಭಯ, ರೈತನಿಗೆ ನಿದ್ದೆಗೇಡು ಎರಡೂ ಉಳಿದಿವೆ. ಬಡಾವಣೆಗಳು ಬೆಳೆದಂತೆ ಹಿಂಡಿನ ಹಳೆಯ ದಾರಿ ಕಿರಿದಾಗುತ್ತದೆ. ಅಟ್ಟಿದ ಹಿಂಡು ಮತ್ತೊಂದು ಊರಿನ ರಾಗಿಗೆ ತಿರುಗುತ್ತದೆ. ವರದಿಗಾರರು ಇದನ್ನು 'ಆನೆ ದಾಳಿ' ಎನ್ನುವ ಮೊದಲು, ಅದನ್ನು ಅಲ್ಲಿಗೆ ಅಟ್ಟಿದ್ದು ಯಾವುದು ಎಂದೂ ಬರೆಯಲಿ.