ಬಾತುಮರಿಯ ಜೀವಸತ್ವಾವಶ್ಯಕತೆ: ನಿಯಾಸಿನ್ ಜ್ಞಾನದ ಇತಿಹಾಸದಲ್ಲಿ ಒಂದು ಅಧ್ಯಾಯ

ಬೆಳೆಯುವ ಬಾತುಮರಿಗೆ ಯಾವ ಜೀವಸತ್ವ ಎಷ್ಟು ಬೇಕು ಎಂಬುದು ಮೇಲ್ನೋಟಕ್ಕೆ ಪಕ್ಷಿಪಾಲನೆಯ ಒಂದು ಸಣ್ಣ ವಿವರವೆಂದು ತೋರಬಹುದು. ಇತಿಹಾಸದ ವಿದ್ಯಾರ್ಥಿಗೆ ಅಲ್ಲೇನು ಕೆಲಸವೆಂದು ಕೇಳುವವರೂ ಉಂಟು. ಆದರೆ ಈ ಪ್ರಶ್ನೆಗೆ ಇಂದು ದೊರೆತಿರುವ ಉತ್ತರವು ಹೇಗೆ ಸಿದ್ಧವಾಯಿತೆಂದು ವಿಚಾರಿಸಹೊರಟರೆ, ನಾವು ಪಕ್ಷಿಯ ಗೂಡಿನಿಂದ ಹೊರಟು ಬಡವರ ಅಡುಗೆಮನೆಯನ್ನು ತಲುಪುತ್ತೇವೆ. ಆ ದಾರಿಯನ್ನು ಸಂಕ್ಷೇಪವಾಗಿ ಗುರುತಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಬಾತುಮರಿಗೂ ಕೋಳಿಮರಿಯಂತೆಯೇ ಎ, ಡಿ, ಇ, ಕೆ ಜೀವಸತ್ವಗಳೂ ಬಿ ವರ್ಗದವುಗಳೂ ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು 1994ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, ಪೀಕಿಂಗ್ ತಳಿಯ ಮರಿಯ ಒಂದು ಕಿಲೋಗ್ರಾಂ ಆಹಾರದಲ್ಲಿ ಎ ಜೀವಸತ್ವ 2,500 ಅಂತರರಾಷ್ಟ್ರೀಯ ಮಾನಗಳಷ್ಟೂ ಡಿ ಜೀವಸತ್ವ 400 ಮಾನಗಳಷ್ಟೂ ರೈಬೋಫ್ಲೇವಿನ್ 4 ಮಿಲಿಗ್ರಾಂನಷ್ಟೂ ಇರತಕ್ಕದ್ದು. ಈ ಪಟ್ಟಿಯಲ್ಲಿ ಎದ್ದು ಕಾಣುವ ಅಂಕಿಯೆಂದರೆ ನಿಯಾಸಿನ್ನಿನದು. ಮಾಂಸಕ್ಕಾಗಿ ಸಾಕುವ ಎಳೆಯ ಕೋಳಿಮರಿಗೆ 35 ಮಿಲಿಗ್ರಾಂ ಸಾಕಾದರೆ, ಬಾತುಮರಿಗೆ 55 ಮಿಲಿಗ್ರಾಂ ಬೇಕು. ಕೋಳಿಮರಿಯ ಆಹಾರವನ್ನೇ ಬಾತುಮರಿಗೆ ಹಾಕಿದರೆ ಆಗುವ ಹಾನಿಗೆ ಈ ಅಂತರವೇ ಕಾರಣ. ನಿಯಾಸಿನ್ ಸಾಲದ ಮರಿಯ ಬೆಳವಣಿಗೆ ಕುಂಠಿತವಾಗುತ್ತದೆ. ಮಂಡಿಯ ಕೀಲು ಊದುತ್ತದೆ. ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಕೊನೆಗೆ ಮರಿಯು ಮೇವಿನ ತಟ್ಟೆಯವರೆಗೂ ನಡೆಯಲಾರದೆ ಹೋಗುತ್ತದೆ.

ಜೀವಸತ್ವಗಳ ಇತಿಹಾಸವು ಪಕ್ಷಿಯಿಂದಲೇ ಆರಂಭವಾಯಿತೆಂಬುದು ಸುವಿದಿತ. ಜಾವಾ ದ್ವೀಪದ ಬಟೇವಿಯದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಷ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಲ್ಲಿ ಬೆರಿಬೆರಿಯಂತಹ ರೋಗವನ್ನು 1890ರ ಸುಮಾರಿನಲ್ಲಿ ಕಂಡನು. 1912ರಲ್ಲಿ ಕಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರನ್ನು ಚಲಾವಣೆಗೆ ತಂದನು. ಬೆರಿಬೆರಿಯ ಔಷಧವನ್ನು ಅಕ್ಕಿಯ ತೌಡಿನಲ್ಲಿ ಅರಸುತ್ತಿದ್ದ ಫಂಕನ ಕೈಗೆ ಅದೇ ಕಾಲದಲ್ಲಿ ನಿಕೋಟಿನಿಕ್ ಆಮ್ಲವೂ ಸಿಕ್ಕಿತ್ತು. 1867ರಷ್ಟು ಹಿಂದೆಯೇ ರಸಾಯನಜ್ಞರು ಆ ವಸ್ತುವನ್ನು ಹೊಗೆಸೊಪ್ಪಿನ ನಿಕೋಟಿನ್‌ನಿಂದ ತಯಾರಿಸಿದ್ದರು. ಅದು ಬೆರಿಬೆರಿಯನ್ನು ಗುಣಪಡಿಸಲಿಲ್ಲವಾದ್ದರಿಂದ ಬದಿಗೆ ಸರಿಯಿತು. ಇಂದು ನಾವು ನಿಯಾಸಿನ್ ಎಂದು ಕರೆಯುವುದು ಅದನ್ನೇ. ಪ್ರಶ್ನೆಯು ಬೇರೆಯಾಗಿದ್ದುದರಿಂದ ಕೈಯಲ್ಲಿದ್ದ ಉತ್ತರವು ಕಾಣದೆ ಹೋಯಿತು. ಅದು ಮತ್ತೆ ಕಾಣಲು ಇಪ್ಪತ್ತೈದು ವರ್ಷಗಳು ಬೇಕಾದವು.

ಆ ವರ್ಷಗಳ ಬೆಲೆಯನ್ನು ತೆತ್ತವರು ಪೆಲ್ಲಾಗ್ರ ರೋಗಿಗಳು. ಮುಸುಕಿನ ಜೋಳವು ಅಮೆರಿಕ ಖಂಡದಿಂದ ಯೂರೋಪಿಗೆ ಬಂದಿತು. ಆದರೆ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸುವ ಮೆಕ್ಸಿಕೋ ಜನರ ಪದ್ಧತಿಯು ಅದರೊಡನೆ ಬರಲಿಲ್ಲ. ಕಾಳಿನಲ್ಲಿ ಬಂಧಿತವಾಗಿರುವ ನಿಯಾಸಿನ್ ಸುಣ್ಣದ ಸಂಸ್ಕಾರದಿಂದ ಬಿಡುಗಡೆಯಾಗುತ್ತದೆಂಬುದು ಬಹುಕಾಲದ ಅನಂತರ ತಿಳಿದುಬಂದ ಸಂಗತಿ. ಸ್ಪೇನಿನ ಕಸಾಲ್ 1735ರಲ್ಲಿ ಈ ರೋಗವನ್ನು ಗುರುತಿಸಿದನು. ಇಟಲಿಯ ಫ್ರಪೋಲ್ಲಿ 1771ರಲ್ಲಿ ಪೆಲ್ಲಾಗ್ರವೆಂಬ ಹೆಸರನ್ನು ದಾಖಲಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಹಬ್ಬಿದಾಗ, ಅಂಟುರೋಗವೆಂದೇ ಹಲವರು ನಂಬಿದರು. ಜೋಸೆಫ್ ಗೋಲ್ಡ್‌ಬರ್ಗರ್ ಈ ಮತವನ್ನು ಒಪ್ಪಲಿಲ್ಲ. ಆತನು 1915ರಲ್ಲಿ ಮಿಸಿಸಿಪಿಯ ಸೆರೆಮನೆಯ ತೋಟವೊಂದರಲ್ಲಿ, ಬಿಡುಗಡೆಯ ವಾಗ್ದಾನದ ಮೇಲೆ ಒಪ್ಪಿದ 11 ಕೈದಿಗಳಿಗೆ ಜೋಳವೇ ಪ್ರಧಾನವಾದ ಆಹಾರವನ್ನು ಕೊಟ್ಟನು; ಅವರಲ್ಲಿ 6 ಮಂದಿಗೆ ರೋಗವು ತಲೆದೋರಿತು. ಸ್ವಾತಂತ್ರ್ಯಕ್ಕೆ ಆರೋಗ್ಯವನ್ನು ಒತ್ತೆಯಿಡಿಸಿಕೊಂಡ ಈ ಪ್ರಯೋಗವನ್ನು ಇಂದಿನ ನೀತಿಯು ಒಪ್ಪಲಾರದು. ಆದರೆ ರೋಗದ ಮೂಲವು ಕೊಳೆಯಲ್ಲಿಲ್ಲ, ಊಟದಲ್ಲಿದೆ ಎಂಬುದು ಅದರಿಂದ ಸ್ಥಿರವಾಯಿತು. ಹತ್ತಿ ಗಿರಣಿಗಳ ಹಳ್ಳಿಗಳಲ್ಲಿ ಕುಟುಂಬದ ವರಮಾನ ಇಳಿದಂತೆ ರೋಗವು ಏರುವುದನ್ನೂ ಗೋಲ್ಡ್‌ಬರ್ಗರನ ತಂಡವು ತೋರಿಸಿತು.

1937ರಲ್ಲಿ ವಿಸ್ಕಾನ್ಸಿನ್ನಿನ ಎಲ್ವೆಹ್ಯೆಮ್, ನಾಯಿಗಳ ಕಪ್ಪುನಾಲಿಗೆ ರೋಗವು ನಿಕೋಟಿನಿಕ್ ಆಮ್ಲದಿಂದ ವಾಸಿಯಾಗುವುದನ್ನು ಕಂಡುಹಿಡಿದನು. ಮಾನವರ ಪೆಲ್ಲಾಗ್ರಕ್ಕೂ ಅದೇ ಔಷಧವಾಯಿತು. 1945ರಲ್ಲಿ ಅದೇ ಪ್ರಯೋಗಶಾಲೆಯಿಂದ ಇನ್ನೊಂದು ಮುಖ್ಯ ಸಂಗತಿ ಹೊರಬಿದ್ದಿತು: ಜೋಳ ತಿಂದು ಬೆಳವಣಿಗೆ ನಿಂತ ಇಲಿಗಳನ್ನು ನಿಯಾಸಿನ್ ಮಾತ್ರವಲ್ಲದೆ ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲವೂ ಸರಿಪಡಿಸಬಲ್ಲುದು. ಆ ಪ್ರಬಂಧದ ನಾಲ್ವರು ಲೇಖಕರಲ್ಲಿ ಒಬ್ಬರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಪಿ. ಎಸ್. ಶರ್ಮ ಅವರೆಂಬುದು ಕನ್ನಡನಾಡಿನ ವಿದ್ಯಾರ್ಥಿಗಳು ನೆನೆಯತಕ್ಕ ಮಾತು.

ಬಾತುಮರಿಯ ಒಗಟು ಬಿಡುವುದು ಇಲ್ಲಿಯೇ. ದೇಹವು ಟ್ರಿಪ್ಟೊಫೇನನ್ನು ನಿಯಾಸಿನ್ನಾಗಿ ಮಾರ್ಪಡಿಸುವ ದಾರಿಯಲ್ಲಿ ಒಂದು ಕವಲುಂಟು. ಬಾತಿನ ಯಕೃತ್ತಿನಲ್ಲಿ ಪಿಕೊಲಿನಿಕ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವು ಕೋಳಿಯದಕ್ಕಿಂತ ಬಹಳ ಚುರುಕಾಗಿದ್ದು, ಮಧ್ಯವರ್ತಿ ವಸ್ತುವನ್ನು ಬೇರೆ ಕವಲಿಗೆ ಎಳೆದೊಯ್ಯುತ್ತದೆ. ಆದ್ದರಿಂದ ಅದು ಸ್ವಂತವಾಗಿ ತಯಾರಿಸಿಕೊಳ್ಳುವ ನಿಯಾಸಿನ್ ಅತ್ಯಲ್ಪ. ಮಿಕ್ಕುದು ಆಹಾರದಿಂದಲೇ ಬರಬೇಕು. ಹಾರ್ವರ್ಡಿನ ಹೆಗ್‌ಸ್ಟೆಡ್ ಮತ್ತು ಸ್ಟೇರ್ 1945ರ ಸುಮಾರಿನಲ್ಲಿ ಶುದ್ಧೀಕರಿಸಿದ ಪದಾರ್ಥಗಳಿಂದ ಬಾತುಗಳನ್ನು ಸಾಕಿ, ಈ ಬಗೆಯ ಅಧ್ಯಯನಕ್ಕೆ ತಳಹದಿಯನ್ನು ಹಾಕಿದರು.

ಈ ಪ್ರಶ್ನೆ ಅದಕ್ಕೂ ಹಿಂದೆ ಏಕೆ ಏಳಲಿಲ್ಲ? ಕೇರಳದ ಕುಟ್ಟನಾಡಿನಲ್ಲಿ ಕೊಯಿಲಾದ ಗದ್ದೆಗಳಿಗೆ ಬಾತುಗಳನ್ನು ಅಟ್ಟಿಕೊಂಡು ಹೋಗುವ ಪಾಲಕರನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಅಲ್ಲಿ ಉದುರಿದ ಭತ್ತದೊಡನೆ ಬಸವನಹುಳು, ಕೀಟ, ಸಣ್ಣ ಮೀನು, ನೀರಸೊಪ್ಪು ಎಲ್ಲವೂ ಹಕ್ಕಿಗೆ ಸಿಗುತ್ತವೆ. 1873ರಲ್ಲಿ ಪೀಕಿಂಗ್ ಬಾತು ಅಮೆರಿಕಕ್ಕೆ ಬಂದು, ಲಾಂಗ್ ಐಲೆಂಡಿನಂತಹ ಕಡೆ ಮಾರುಕಟ್ಟೆಗಾಗಿ ಸಾವಿರಗಟ್ಟಲೆ ಬೆಳೆಯತೊಡಗಿದ ಮೇಲೆ ಹಕ್ಕಿಯ ಊಟವನ್ನು ಮನುಷ್ಯನೇ ನಿರ್ಣಯಿಸಬೇಕಾಯಿತು. ಹಕ್ಕಿಯ ಯಕೃತ್ತು ಬದಲಾಗಲಿಲ್ಲ. ಅದರ ಬದುಕು ಬದಲಾಯಿತು.

ಮನುಷ್ಯನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಶ್ರೀಕಾಂತಿಯ ಅವರು, ಮುಸುಕಿನ ಜೋಳವನ್ನಲ್ಲದೆ ಬರಿಯ ಜೋಳವನ್ನೇ ನೆಚ್ಚಿದ ಬಡವರಲ್ಲಿಯೂ ಪೆಲ್ಲಾಗ್ರವನ್ನು ಗಮನಿಸಿ, ಲ್ಯೂಸಿನ್ ಎಂಬ ಅಮೈನೋ ಆಮ್ಲದ ಆಧಿಕ್ಯವು ಕಾರಣವಿರಬಹುದೆಂದು ಸೂಚಿಸಿದರು. ಈ ವಾದವನ್ನು ಅನಂತರ ಹಲವರು ಪ್ರಶ್ನಿಸಿದ್ದಾರೆ. ಆದರೂ ರೊಟ್ಟಿಯೊಡನೆ ಬೇಳೆ, ಮೊಸರು, ಸೊಪ್ಪು ಇರುವ ಮನೆಯಲ್ಲಿ ಜೋಳವು ಯಾರನ್ನೂ ಕೆಡಿಸಲಿಲ್ಲವೆಂಬುದು ನಿರ್ವಿವಾದ. ದೋಷವು ಧಾನ್ಯದ್ದಲ್ಲ, ಧಾನ್ಯವೊಂದೇ ಉಳಿದ ತಟ್ಟೆಯದು.

ಹೀಗಾಗಿ ‘ಕಿಲೋಗ್ರಾಂ ಒಂದಕ್ಕೆ 55 ಮಿಲಿಗ್ರಾಂ’ ಎಂಬ ಅಂಕಿಯನ್ನು ಓದುವಾಗ ಅದರ ಹಿಂದಿನ ಕೈದಿಗಳನ್ನೂ ಗಿರಣಿಯ ಹೆಂಗಸರನ್ನೂ ಜೋಳದ ಹೊಲದ ಕೂಲಿಗಳನ್ನೂ ಮರೆಯಲಾಗದು. ಪಾಲಕನು ಮೇವಿಗೆ ಒಂದು ಹಿಡಿ ಯೀಸ್ಟನ್ನು ಸೇರಿಸಿದರೆ ಮರಿಯ ಕಾಲು ನೆಟ್ಟಗಿರುತ್ತದೆ. ಮನುಷ್ಯರ ತಟ್ಟೆಯ ಕೊರತೆಯನ್ನು ತುಂಬಲು ಜ್ಞಾನವೊಂದೇ ಸಾಲದು, ವರಮಾನವೂ ಬೇಕು. ಗೋಲ್ಡ್‌ಬರ್ಗರನು ಇದನ್ನು ತೋರಿಸಿ ಶತಮಾನವೇ ಕಳೆದಿದೆ. ಆ ಪಾಠವನ್ನು ನಾವು ಪೂರ್ಣವಾಗಿ ಕಲಿತಿದ್ದೇವೆಂದು ಹೇಳುವ ಧೈರ್ಯವು ಬರುವುದಿಲ್ಲ.