ಮಂಗನ ಕಾಯಿಲೆ: ಕ್ಯಾಸನೂರಿನ ಕಾಡಿನಿಂದ ಗಣಕಯಂತ್ರದವರೆಗೆ

ಯಂತ್ರವೂ ಕಲಿಯುತ್ತದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ನಮ್ಮವರಿಗೆ ಯಂತ್ರಗಳೇನೂ ಹೊಸವಲ್ಲ. ಆದರೆ ಯಂತ್ರವೊಂದು ರೋಗದ ಲೆಕ್ಕವನ್ನು ಓದಿ, ಯಾವ ಸೀಮೆಯಲ್ಲಿ ಜ್ವರ ಏಳಬಹುದೆಂದು ಮೊದಲೇ ಎಚ್ಚರಿಸುವುದೆಂದರೆ ಕುತೂಹಲ ಮೂಡುವುದು ಸಹಜ. ಈ ವಿದ್ಯೆಯ ಒಂದು ಕಥೆ ನಮ್ಮ ಮಲೆನಾಡಿನಲ್ಲಿ ಆರಂಭವಾಗಿ, ನಾವು ನೆಲೆಸಿರುವ ಮಹಾರಾಷ್ಟ್ರದ ಪುಣೆಯನ್ನು ಹಾದು ಬಂದಿದೆ.

1957ರ ಮಾರ್ಚ್ ತಿಂಗಳು. ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ ಸುದ್ದಿ ಬಂತು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿಬಂದ ಹಳ್ಳಿಗರು ವಿಪರೀತ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಕೆಲವರಿಗೆ ರಕ್ತಸ್ರಾವವೂ ಆಯಿತು. ಜನ ಇದನ್ನು ಮಂಗನ ಕಾಯಿಲೆ ಎಂದರು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆ ಎಂಬ ಅರಿವು ಆ ಹೆಸರಿನಲ್ಲಿಯೇ ಅಡಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದ ವಿಜ್ಞಾನಿಗಳೂ ಅವರ ಭಾರತೀಯ ಸಹೋದ್ಯೋಗಿಗಳೂ ಧಾವಿಸಿದರು. ಏಷ್ಯಾಖಂಡದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದಿತೇ ಎಂಬ ಭಯ ಮೊದಲು ಹುಟ್ಟಿತು. ಪರೀಕ್ಷಿಸಿದಾಗ ದೊರೆತದ್ದು ಹೊಸದೊಂದು ವೈರಸ್. ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಸ್ಸಿನ ಬಳಗದ್ದು. ಅದನ್ನು ಹರಡುತ್ತಿದ್ದುದು ಕಾಡಿನ ಉಣುಗು. ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯ ಕೈಗೊಂಡದ್ದಕ್ಕೆ ಈ ಪ್ರಶ್ನೆಯೂ ಒಂದು ಕಾರಣ.

ಮುಂದಿನ ವರ್ಷಗಳ ಕೆಲಸ ತಾಳ್ಮೆಯದು. ಯಾವ ಕಾಡಿನಲ್ಲಿ, ಯಾವ ದಿನ, ಮುಸುವ ಸತ್ತಿತೋ ಕೆಂಪು ಮೋರೆಯ ಮಂಗ ಸತ್ತಿತೋ ಎಂದು ಬರೆದಿಡಬೇಕು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಎಣಿಸಬೇಕು. ರೋಗಿಯ ಊರು, ಆತ ಹೋಗಿಬಂದ ಕಾಡು ಗುರುತಾಗಬೇಕು. ಇಂತಹ ದಾಖಲೆಗಳನ್ನು ಹೋಲಿಸಿ ನೋಡಿದ ಹೋರ್ಹೆ ಬೊಶೆಲ್ 1969ರಲ್ಲಿ ಒಂದು ವಿವರಣೆ ಕೊಟ್ಟರು: ಕಾಡು ಕಡಿದು ಸಾಗುವಳಿ ಹಬ್ಬಿದಂತೆ ದನಗಳು ಕಾಡಿನಂಚಿಗೆ ಬಂದವು, ದನದ ರಕ್ತ ಹೀರಿ ಉಣುಗುಗಳು ಅಪಾರವಾಗಿ ಹೆಚ್ಚಿದವು, ಮಂಗನಿಗೂ ಮನುಷ್ಯನಿಗೂ ಕುತ್ತು ಬಂತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಕಡಿದ ಕಡೆ ರೋಗ ಭುಗಿಲೆದ್ದು ಈ ಮಾತಿಗೆ ಸಾಕ್ಷಿ ನುಡಿಯಿತು.

ಗಣಕಯಂತ್ರ ಪ್ರವೇಶಿಸುವುದು ಇಲ್ಲಿಂದ ಮುಂದೆ. ಮನುಷ್ಯ ಮೂರು ನಾಲ್ಕು ಸಂಗತಿಗಳನ್ನು ಒಟ್ಟಿಗೆ ತೂಗಬಲ್ಲ. ಕಾಡಿನ ಬಗೆ, ತೋಟ, ದನಗಳ ಸಂಖ್ಯೆ, ಮಳೆ, ಹಳೆಯ ರೋಗಿಗಳ ಲೆಕ್ಕ ಎಲ್ಲವನ್ನೂ ನೂರಾರು ಊರುಗಳಿಗೆ ಒಮ್ಮೆಲೇ ತೂಗಲಾರ. 2020ರಲ್ಲಿ ಬ್ರಿಟನ್ನಿನ ಹಾಗೂ ಬೆಂಗಳೂರಿನ ಸಂಶೋಧಕರು ಆರೋಗ್ಯ ಇಲಾಖೆಯವರೊಡನೆ ಕೂಡಿ ಅಪಾಯದ ನಕ್ಷೆಗಳನ್ನು ಪ್ರಕಟಿಸಿದರು. ನಿತ್ಯಹಸುರಿನ ಕಾಡೂ ತೋಟಗಳೂ ಹೆಣೆದುಕೊಂಡಿರುವಲ್ಲಿ, ನಾಟಿ ದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚು ಎಂದು ಅವು ತೋರಿಸಿದವು. ಬೊಶೆಲ್ ಕಂಡದ್ದಕ್ಕೆ ಇದು ಬಹುಮಟ್ಟಿಗೆ ಹೊಂದುತ್ತದೆ.

2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಯಂತ್ರಕಲಿಕೆಯನ್ನೇ ಬಳಸಿತು. ಯಂತ್ರವು ಸಣ್ಣ ಸಣ್ಣ ಪ್ರಶ್ನೆಗಳ ಕವಲುಗಳನ್ನು ಕಟ್ಟುತ್ತದೆ. ಮೊದಲ ಕವಲು ತಪ್ಪಿದ್ದನ್ನು ಮುಂದಿನದು ತಿದ್ದುತ್ತದೆ. ಹೀಗೆ ತಿದ್ದಿ ತಿದ್ದಿ ಕಲಿಯುತ್ತದೆ. ಉಪಗ್ರಹದ ಚಿತ್ರಗಳ ಜೊತೆಗೆ ಸುದ್ದಿಮಾಧ್ಯಮದ ವರದಿಗಳೂ ಅದಕ್ಕೆ ಪಾಠವಾದವು. ಲೆಕ್ಕ ಚೆನ್ನಾಗಿರುವ ಜಿಲ್ಲೆಗಳಲ್ಲಿ ಕಲಿತದ್ದನ್ನು, ರೋಗ ಹೊಸದಾಗಿ ಕಾಲಿಟ್ಟ ಸೀಮೆಗೆ ಒಗ್ಗಿಸುವ ಕ್ರಮವನ್ನೂ ಪರೀಕ್ಷಿಸಿದರು. ಕನ್ನಡ ಬಲ್ಲ ನಮ್ಮ ಮಕ್ಕಳು ಇಲ್ಲಿ ಮರಾಠಿಯನ್ನು ಬೇಗ ಕಲಿತಂತೆಯೇ ಇದು.

ಆದರೆ ಬರೆದಿಡದೆ ಹೋದದ್ದನ್ನು ಯಾವ ಯಂತ್ರವೂ ಕಲಿಯಲಾರದು. ಮಂಗ ಸತ್ತದ್ದನ್ನು ಯಾರೂ ತಿಳಿಸದ ಊರು, ಯಂತ್ರದ ಕಣ್ಣಿಗೆ ಆರೋಗ್ಯವಂತ ಊರಾಗಿ ಕಾಣಬಹುದು. ಲೆಕ್ಕವಿಲ್ಲದ ಊರು ರೋಗವಿಲ್ಲದ ಊರಲ್ಲ. ಈ ರೋಗಕ್ಕೆಂದೇ ಮದ್ದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಮುನ್ನೆಚ್ಚರಿಕೆಯ ಬೆಲೆ ದೊಡ್ಡದು. ಆ ಮುನ್ನೆಚ್ಚರಿಕೆಗೆ ಆಧಾರ, ಸತ್ತ ಮಂಗನನ್ನು ಕಂಡು ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ಹಳ್ಳಿಗ.

ಇದು ನಮಗೂ ಸಂಬಂಧಿಸಿದ ಮಾತು. ರೋಗ ಕರ್ನಾಟಕದ ಗಡಿ ದಾಟಿ ಕೇರಳ, ಗೋವಾಗಳಲ್ಲಿಯೂ, 2016ರ ವೇಳೆಗೆ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿಕೊಂಡಿತು. ಇದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ; ಮಕ್ಕಳನ್ನು ಕರೆದುಕೊಂಡು ನಾವು ಅಜ್ಜಿಯ ಮನೆಗೆ ಹೋಗುವ ಬೇಸಿಗೆ ರಜೆಯೂ ಆ ಕಾಲದಲ್ಲಿಯೇ ಬರುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏಳುವುದರಿಂದ, ತೀರ್ಥಹಳ್ಳಿಯಲ್ಲಿ ಕಚ್ಚಿದ್ದು ನಾಸಿಕದಲ್ಲಿ ಜ್ವರವಾಗಿ ತೋರಬಹುದು. ಇಲ್ಲಿನ ವೈದ್ಯರಿಗೆ ನಮ್ಮ ಊರಿನ ಕಾಡು ಹೇಗೆ ತಿಳಿಯಬೇಕು? ಊರಿಗೆ ಹೋಗಿದ್ದೆವು, ಕಾಡಿಗೆ ಕಾಲಿಟ್ಟಿದ್ದೆವು, ಇಂಥ ಊರು, ಇಂಥ ದಿನ ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಆಗ ರೋಗಿಗೆ ತಕ್ಕ ಪರೀಕ್ಷೆಯಾಗುತ್ತದೆ. ರೋಗದ ಲೆಕ್ಕ ಅಂಬಡ್‌ನ ಹೆಸರಿಗಲ್ಲದೆ ಅದು ಹುಟ್ಟಿದ ಕಾಡಿನ ಹೆಸರಿಗೆ ಸೇರುತ್ತದೆ. ಊರು ಬಿಟ್ಟು ಬಂದ ನಾವು ಊರಿಗೆ ಮಾಡಬಹುದಾದ ಸಣ್ಣ ಉಪಕಾರವೂ ಅದೇ.